ಮನೆಗೆ ಚಕ್ರ ಕಟ್ಟಿಕೊಂಡು ಗುಳೆ: ಹಬ್ಬದ ಹೊತ್ತಿಗೆ ಅಮೆರಿಕದ ಗೋದಾಮುಗಳಿಗೆ ಬರುತ್ತಿದ್ದವರು

ವ್ಯಾನಿನ ಹಿಂಬಾಗಿಲು ತೆರೆದರೆ ಹಾಸಿಗೆ, ಪಕ್ಕದಲ್ಲೊಂದು ಪುಟ್ಟ ಒಲೆ, ಎದುರಿಗೆ ಕೆಂಪು ಬೆಟ್ಟ. ಅಮೆರಿಕದ ಇಂಥ ವಿಡಿಯೊಗಳು ಈಗ ನಮ್ಮೂರಿನ ಫೋನುಗಳಲ್ಲೂ ಓಡುತ್ತವೆ. ನೋಡಿದವರು ಮೊದಲು ‘ಎಷ್ಟು ಚೆಂದ’ ಅನ್ನುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಪ್ರಶ್ನೆ ಏಳುತ್ತದೆ: ಇವರ ಹೊಟ್ಟೆಪಾಡು ಹೇಗೆ? ಊರೂರು ಸುತ್ತಲು ಪೆಟ್ರೋಲಿನ ದುಡ್ಡು ಎಲ್ಲಿಂದ ಬರುತ್ತದೆ?

ಹಲವರ ಮಟ್ಟಿಗೆ ಉತ್ತರ ಆ ವಿಡಿಯೊದ ಚೌಕಟ್ಟಿನಾಚೆ ಇದೆ. ನವೆಂಬರಿನ ಚಳಿಯಲ್ಲಿ, ಬೆಳಕು ಹರಿಯುವ ಮೊದಲೇ ವ್ಯಾನಿನಿಂದಿಳಿದು, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು, ಊರಾಚೆಯ ದೊಡ್ಡ ಗೋದಾಮಿನೊಳಗೆ ಹತ್ತು ಗಂಟೆಯ ಪಾಳಿಗೆ ಹೋಗುತ್ತಿದ್ದ ಅರವತ್ತು, ಎಪ್ಪತ್ತು ದಾಟಿದವರೂ ಈ ರಸ್ತೆಯ ಬದುಕಿನವರೇ. ಕ್ರಿಸ್‌ಮಸ್‌ ಮುಗಿಯಿತು ಎಂದರೆ ಕೆಲಸವೂ ಮುಗಿಯಿತು. ಮನೆಯನ್ನು ಸ್ಟಾರ್ಟ್ ಮಾಡಿಕೊಂಡು ಮುಂದಿನ ಊರಿಗೆ ಹೊರಡುತ್ತಿದ್ದರು.

ಇದಕ್ಕೆ ಹೊಂದುವ ಪದ ನಮ್ಮಲ್ಲಿದೆ: ಗುಳೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆ ಹೊಲದ ಕೆಲಸ ಮುಗಿದ ಮೇಲೆ ಮನೆಗೆ ಬೀಗ ಹಾಕಿ, ಪಾತ್ರೆಪಗಡ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಬರುವವರನ್ನು ನಾವು ಬಲ್ಲೆವು. ಅಮೆರಿಕದ ಈ ಗುಳೆಯಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಬೀಗ ಹಾಕಿ ಬರಲು ಹಿಂದೆ ಮನೆಯೇ ಇಲ್ಲ, ಇರುವ ಮನೆ ಜೊತೆಗೇ ಉರುಳಿಕೊಂಡು ಬರುತ್ತದೆ. ಈ ಏರ್ಪಾಡು ಹುಟ್ಟಿದ್ದು ಹೇಗೆ, ನಡೆಯುವುದು ಹೇಗೆ ಎಂದು ತಿಳಿಯಲು ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು.

ಚಕ್ರದ ಮೇಲಿನ ಮನೆಗೆ ಏನೇನು ಬೇಕು

ಇಂಥ ಚಕ್ರದ ಮನೆಗೆ ಅಲ್ಲಿ ಆರ್‌ವಿ (ರಿಕ್ರಿಯೇಷನಲ್ ವೆಹಿಕಲ್) ಎನ್ನುತ್ತಾರೆ. ಅದು ಒಂದೇ ಗಾಡಿಯ ಹೆಸರಲ್ಲ. ಬಸ್ಸಿನಷ್ಟು ದೊಡ್ಡ ಮೋಟಾರ್‌ಹೋಮ್, ಪಿಕಪ್ ಟ್ರಕ್ಕು ಎಳೆದುಕೊಂಡು ಹೋಗುವ ಟ್ರೈಲರ್, ಒಳಗೆ ಹಲಗೆ ಹೊಡೆದು ಹಾಸಿಗೆ ಮಾಡಿಕೊಂಡ ಮಾಮೂಲಿ ಸರಕು ವ್ಯಾನು, ಇವೆಲ್ಲ ಮನೆಗಳೇ. ವರ್ಷವಿಡೀ ಇವುಗಳಲ್ಲೇ ಇರುವವರನ್ನು ಅಲ್ಲಿ ‘ಫುಲ್‌ಟೈಮರ್’ ಎನ್ನುತ್ತಾರೆ. ಹೀಗೆ ಇದ್ದುಕೊಂಡೇ ಅಲ್ಲಲ್ಲಿ ದುಡಿಯುವವರು ‘ವರ್ಕ್‌ಕ್ಯಾಂಪರ್’ಗಳು. ಈ ಎರಡನೆಯ ಪದವನ್ನು ಬಳಕೆಗೆ ತಂದದ್ದು 1987ರಲ್ಲಿ ಶುರುವಾದ ‘ವರ್ಕ್‌ಕ್ಯಾಂಪರ್ ನ್ಯೂಸ್’ ಎಂಬ ಪತ್ರಿಕೆ. ಎಲ್ಲೆಲ್ಲಿ ಕೆಲಸ ಖಾಲಿ ಇದೆ ಎಂದು ತಿಳಿಸುವುದು ಅದರ ಕಾಯಕ.

ದೊಡ್ಡ ಆರ್‌ವಿಯ ಹೊಟ್ಟೆಯಲ್ಲಿ ಮೂರು ಟ್ಯಾಂಕುಗಳಿರುತ್ತವೆ. ಒಂದರಲ್ಲಿ ಕುಡಿಯುವ, ಬಳಸುವ ನೀರು. ಇನ್ನೊಂದರಲ್ಲಿ ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು. ಮೂರನೆಯದು ಶೌಚದ ಟ್ಯಾಂಕು. ಮೊದಲನೆಯದು ಖಾಲಿಯಾದರೂ ಕಷ್ಟ, ಉಳಿದೆರಡು ತುಂಬಿದರೂ ಕಷ್ಟ. ಹಾಗಾಗಿ ಕೆಲವು ದಿನಕ್ಕೊಮ್ಮೆಯಾದರೂ ನೀರಿನ ನಲ್ಲಿ, ಕೊಳೆ ಬಿಡುವ ಗುಂಡಿ ಇರುವ ಜಾಗಕ್ಕೆ ಹೋಗಲೇಬೇಕು. ನೀರು, ಕರೆಂಟು, ಚರಂಡಿ ಮೂರನ್ನೂ ಗಾಡಿಗೆ ಜೋಡಿಸಿಕೊಂಡು ನಿಲ್ಲಬಹುದಾದ ಜಾಗಕ್ಕೆ ‘ಫುಲ್ ಹುಕ್‌ಅಪ್ ಸೈಟ್’ ಎನ್ನುತ್ತಾರೆ. ಇದಕ್ಕೆ ಬಾಡಿಗೆಯಿದೆ, ಹೆಸರಾದ ಪ್ರವಾಸಿ ತಾಣಗಳಲ್ಲಿ ಬಹಳ ದುಬಾರಿ. ಇದಾವುದೂ ಇಲ್ಲದೆ ಕಾಡಿನಲ್ಲೋ ಮರುಭೂಮಿಯಲ್ಲೋ ನಿಲ್ಲುವುದು ‘ಬೂನ್‌ಡಾಕಿಂಗ್’. ಅದಕ್ಕೆ ಹೆಚ್ಚಿನ ಕಡೆ ದುಡ್ಡಿಲ್ಲ, ಆದರೆ ಸರ್ಕಾರಿ ಜಮೀನಿನಲ್ಲಿ ಸಾಮಾನ್ಯವಾಗಿ 14 ದಿನ ಮೀರಿ ಒಂದೇ ಕಡೆ ಇರುವಂತಿಲ್ಲ.

ಹಾಗಾಗಿ ಮೂರು ತಿಂಗಳು ಒಂದೇ ಊರಲ್ಲಿ ದುಡಿಯಬೇಕು ಎಂದರೆ ಮೊದಲ ಪ್ರಶ್ನೆ ಸಂಬಳದ್ದಲ್ಲ, ‘ಗಾಡಿ ಎಲ್ಲಿ ನಿಲ್ಲಿಸಲಿ’ ಎಂಬುದು. ಅದರಲ್ಲೂ ಹಳೆಯ ಗಾಡಿಯವರಿಗೆ, ಶೌಚಾಲಯವಿಲ್ಲದ ವ್ಯಾನಿನವರಿಗೆ ಹಲವು ಖಾಸಗಿ ಆರ್‌ವಿ ಪಾರ್ಕುಗಳು (ಬಾಡಿಗೆಗೆ ಗಾಡಿ ನಿಲ್ಲಿಸುವ ತಾಣಗಳು) ಜಾಗವನ್ನೇ ಕೊಡುವುದಿಲ್ಲ. ಹತ್ತು ವರ್ಷಕ್ಕಿಂತ ಹಳೆಯ ಗಾಡಿ ಒಳಗೆ ಬರುವಂತಿಲ್ಲ ಎಂಬ ನಿಯಮ ಇಟ್ಟುಕೊಂಡ ಪಾರ್ಕುಗಳೂ ಇವೆ. ಕೈಯಲ್ಲಿ ಕಾಸು ಕಡಿಮೆ ಇರುವವರ ಗಾಡಿಯೇ ಹಳೆಯದಾಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಮೂರು ತಿಂಗಳ ಸುಗ್ಗಿ

ಅಮೆರಿಕದಲ್ಲಿ ನವೆಂಬರಿನ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಮಾರನೆಯ ದಿನವೇ ರಿಯಾಯಿತಿ ಮಾರಾಟದ ‘ಬ್ಲ್ಯಾಕ್ ಫ್ರೈಡೆ’, ಅದರ ಬೆನ್ನಿಗೆ ಆನ್‌ಲೈನ್ ಅಂಗಡಿಗಳ ‘ಸೈಬರ್ ಮಂಡೇ’, ಅಲ್ಲಿಂದ ಕ್ರಿಸ್‌ಮಸ್‌ವರೆಗೆ ಉಡುಗೊರೆಗಳ ಭರಾಟೆ. ಈ ಕಾಲಕ್ಕೆ ಗೋದಾಮಿನ ಭಾಷೆಯಲ್ಲಿ ಇರುವ ಹೆಸರು ‘ಪೀಕ್’. ದಸರಾ, ದೀಪಾವಳಿ ಮುಂಚೆ ಹೊಸಕೋಟೆ, ಮಾಲೂರು, ನೆಲಮಂಗಲದ ಸುತ್ತಲಿನ ಗೋದಾಮುಗಳು ತಾತ್ಕಾಲಿಕ ಹುಡುಗ ಹುಡುಗಿಯರನ್ನು ತೆಗೆದುಕೊಳ್ಳುವುದೂ ಇದೇ ಲೆಕ್ಕದಲ್ಲಿ. ಅಮೆಜಾನ್ ಒಂದೇ ಕಂಪನಿ ಅಮೆರಿಕದಲ್ಲಿ 2023ರಲ್ಲೂ 2024ರಲ್ಲೂ ಹಬ್ಬದ ಕೆಲಸಕ್ಕೆ ತಲಾ ಎರಡೂವರೆ ಲಕ್ಷ ಜನರನ್ನು ತೆಗೆದುಕೊಳ್ಳುವುದಾಗಿ ಪ್ರಕಟಿಸಿತ್ತು.

ಮದುವೆ ಮನೆಗೆ ಒಂದು ವಾರಕ್ಕೆಂದು ಅಡುಗೆ ಭಟ್ಟರನ್ನು ಕರೆಸುವ ಹಾಗೆ ಇದು. ವರ್ಷವಿಡೀ ಇಟ್ಟುಕೊಳ್ಳಲಾಗದು, ಆ ಒಂದು ವಾರ ಇಲ್ಲದಿದ್ದರೆ ಆಗದು.

ಸಣ್ಣ ಊರು, ದೊಡ್ಡ ಗೋದಾಮು

ಹಬ್ಬಕ್ಕೆ ಹೆಚ್ಚು ಕೈ ಬೇಕು ಎಂದರೆ ಊರಿನವರನ್ನೇ ಕರೆಯಬಹುದಲ್ಲ, ಗಾಡಿಯಲ್ಲಿ ಬರುವವರೇ ಏಕೆ? ಇದಕ್ಕೆ ಉತ್ತರ ತೆರಿಗೆಯ ಕಾನೂನಿನಲ್ಲಿದೆ. ಈ ಇಡೀ ಕತೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇದೇ ಭಾಗ.

ಅಮೆರಿಕದಲ್ಲಿ ಮಾರಾಟ ತೆರಿಗೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. 1992ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ‘ಕ್ವಿಲ್’ ಎಂಬ ಮೊಕದ್ದಮೆಯಲ್ಲಿ ಒಂದು ತೀರ್ಪು ಕೊಟ್ಟಿತು: ಒಂದು ರಾಜ್ಯದಲ್ಲಿ ಮಾರುವವನ ಅಂಗಡಿಯೋ ಗೋದಾಮೋ ಏನೂ ಇಲ್ಲದಿದ್ದರೆ, ಆ ರಾಜ್ಯದ ಗಿರಾಕಿಯಿಂದ ತೆರಿಗೆ ವಸೂಲಿ ಮಾಡಿಕೊಡು ಎಂದು ಅವನನ್ನು ರಾಜ್ಯ ಒತ್ತಾಯಿಸುವಂತಿಲ್ಲ. ತೆರಿಗೆ ಇಲ್ಲದ್ದರಿಂದ ಗಿರಾಕಿಗೆ ಅದೇ ವಸ್ತು ಅಷ್ಟು ಅಗ್ಗ. ಬೆಂಗಳೂರಿನ ರಸ್ತೆಗಳಲ್ಲಿ ಪುದುಚೇರಿ ನೋಂದಣಿಯ ದುಬಾರಿ ಕಾರುಗಳನ್ನು ನೋಡಿದವರಿಗೆ ಈ ಲೆಕ್ಕ ಹೊಸದಲ್ಲ. ತೆರಿಗೆಯ ಗೆರೆ ಎಲ್ಲಿದೆಯೋ ಅದನ್ನು ನೋಡಿಕೊಂಡು ವ್ಯಾಪಾರ ತನ್ನ ಜಾಗ ಆರಿಸಿಕೊಳ್ಳುತ್ತದೆ.

ಹಾಗಾಗಿ ಆರಂಭದ ವರ್ಷಗಳಲ್ಲಿ ಆನ್‌ಲೈನ್ ವ್ಯಾಪಾರಿಗೆ ಹೊಂದುತ್ತಿದ್ದದ್ದು ಜನ ಕಡಿಮೆ ಇರುವ, ಆದರೆ ಜನ ಹೆಚ್ಚಿರುವ ರಾಜ್ಯಗಳಿಗೆ ಸರಕು ಸಾಗಿಸಲು ಅನುಕೂಲವಾದ ರಾಜ್ಯಗಳು. ಅಮೆಜಾನ್ 1999ರಲ್ಲಿ ಗೋದಾಮು ತೆರೆದ ಜಾಗಗಳನ್ನು ನೋಡಿ: ನೆವಾಡಾದ ಫರ್ನ್‌ಲಿ, ಕ್ಯಾನ್ಸಸ್‌ನ ಕಾಫಿವಿಲ್, ಕೆಂಟಕಿಯ ಕ್ಯಾಂಪ್‌ಬೆಲ್ಸ್‌ವಿಲ್. ಫರ್ನ್‌ಲಿಯಿಂದ ಹೆದ್ದಾರಿ ಹಿಡಿದರೆ ಕ್ಯಾಲಿಫೋರ್ನಿಯ ಪಕ್ಕದಲ್ಲೇ. ಕಾಫಿವಿಲ್, ಕ್ಯಾಂಪ್‌ಬೆಲ್ಸ್‌ವಿಲ್ ಎರಡೂ ಹತ್ತು ಸಾವಿರದ ಆಸುಪಾಸು ಜನಸಂಖ್ಯೆಯ ಊರುಗಳು, ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಹೋಬಳಿ ಕೇಂದ್ರ. ಕ್ಯಾಂಪ್‌ಬೆಲ್ಸ್‌ವಿಲ್‌ನಲ್ಲಿ ‘ಫ್ರೂಟ್ ಆಫ್ ದ ಲೂಮ್’ ಒಳಉಡುಪು ಕಂಪನಿಯ ದೊಡ್ಡ ಕಾರ್ಖಾನೆ ಇತ್ತು, 1998ರಲ್ಲಿ ಅದು ಬಾಗಿಲು ಹಾಕಿತು. ಕೆಲಸ ಕಳೆದುಕೊಂಡ ಊರಿಗೆ ಗೋದಾಮು ಬಂತು, ಊರು ಸಂತೋಷದಿಂದಲೇ ಬರಮಾಡಿಕೊಂಡಿತು.

ತೊಡಕು ಬಂದದ್ದು ಪೀಕ್‌ನಲ್ಲಿ. ಮಾಮೂಲಿ ದಿನಗಳಿಗೆ ಊರಿನ ಜನ ಸಾಕು. ಹಬ್ಬಕ್ಕೆ ಇನ್ನಷ್ಟು ನೂರಾರು ಜನ ಒಮ್ಮೆಲೇ ಬೇಕೆಂದರೆ ಹತ್ತು ಸಾವಿರದ ಊರಿನಲ್ಲಿ ಎಲ್ಲಿಂದ ತರುವುದು? ಹೊರಗಿನಿಂದ ಕರೆಸಿದರೆ ಉಳಿಯಲು ಬಾಡಿಗೆ ಮನೆಗಳಿಲ್ಲ, ಇರುವ ಲಾಡ್ಜು ನಾಲ್ಕೈದು. ದುಡಿಯುವ ಕೈಯೂ ಬೇಕು, ಆ ಕೈಗೆ ಮಲಗಲು ಮನೆಯೂ ಬೇಕು. ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ಬರುವವರು ಒಬ್ಬರೇ.

ಕ್ಯಾಂಪರ್‌ಫೋರ್ಸ್

2008ರಲ್ಲಿ ಕಾಫಿವಿಲ್‌ನಲ್ಲಿ ಅಮೆಜಾನ್ ಹೀಗೆ ಗಾಡಿಯವರನ್ನು ಕರೆಸುವುದನ್ನು ಸಣ್ಣ ಪ್ರಯೋಗವಾಗಿ ಮಾಡಿ ನೋಡಿತು, ಆಮೇಲೆ ಕ್ಯಾಂಪ್‌ಬೆಲ್ಸ್‌ವಿಲ್, ಫರ್ನ್‌ಲಿ ಮತ್ತು ಬೇರೆ ಊರುಗಳಿಗೆ ಹಬ್ಬಿಸಿತು. ಯೋಜನೆಗೆ ಇಟ್ಟ ಹೆಸರು ಕ್ಯಾಂಪರ್‌ಫೋರ್ಸ್. ಕರಾರು ಸರಳ: ಆಗಸ್ಟ್‌ನಿಂದ ಅಕ್ಟೋಬರ್‌ ನಡುವೆ ಬಂದು ಸೇರಿಕೊಳ್ಳಿ, ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆಯವರೆಗೆ ಇರಿ, ಹತ್ತಿರದ ಆರ್‌ವಿ ಪಾರ್ಕಿನ ಬಾಡಿಗೆಯನ್ನು ನಾವು ಕಟ್ಟುತ್ತೇವೆ. ಗಂಟೆಯ ಕೂಲಿ ಬೇರೆ. ಕೊನೆಯ ದಿನದವರೆಗೂ ನಿಂತವರಿಗೆ, ದುಡಿದ ಪ್ರತಿ ಗಂಟೆಗೆ ಇಷ್ಟು ಎಂದು ಕೊನೆಯಲ್ಲಿ ಬೋನಸ್.

ಈ ಬೋನಸ್ಸನ್ನು ನಮ್ಮ ಕಬ್ಬು ಕಟಾವಿನ ಗ್ಯಾಂಗುಗಳ ಪದ್ಧತಿಯ ಪಕ್ಕದಲ್ಲಿಟ್ಟು ನೋಡಿ. ಇಲ್ಲಿ ಮೇಸ್ತ್ರಿ ಹಂಗಾಮಿಗೆ ಮುಂಚೆಯೇ ಮುಂಗಡ ಕೊಡುತ್ತಾನೆ, ಆ ಸಾಲ ತೀರುವವರೆಗೆ ಗ್ಯಾಂಗು ಬಿಟ್ಟು ಹೋಗುವಂತಿಲ್ಲ. ಅಲ್ಲಿ ಮುಂಗಡವಿರಲಿಲ್ಲ, ಕೊನೆಗೆ ಸಿಗುವ ಹಣದ ಆಸೆ ಇತ್ತು. ಇಲ್ಲಿ ಹಿಂದಿನಿಂದ ಹಗ್ಗ ಕಟ್ಟಿದರೆ ಅಲ್ಲಿ ಮುಂದೆ ಹುಲ್ಲು ಹಿಡಿದಂತೆ. ಎರಡೂ ಕಡೆ ಉದ್ದೇಶ ಒಂದೇ: ಸುಗ್ಗಿಯ ನಡುವೆ ಆಳು ಬಿಟ್ಟು ಹೋಗಬಾರದು. ಅಮೆರಿಕದ ಕೆಲಸಗಾರರು ಬೇಕೆಂದಾಗ ಬಿಡಬಹುದಿತ್ತು, ಅದು ದೊಡ್ಡ ವ್ಯತ್ಯಾಸವೇ. ಆದರೆ ಬಿಟ್ಟ ದಿನ ಬೋನಸ್ಸೂ ಹೋಗುತ್ತಿತ್ತು, ಗಾಡಿ ನಿಲ್ಲಿಸಿದ ಜಾಗದ ಬಾಡಿಗೆಯೂ ತಲೆಯ ಮೇಲೆ ಬೀಳುತ್ತಿತ್ತು.

ಒಂದೆರಡು ದಿನದಲ್ಲಿ ಕಲಿಯುವ ಕೆಲಸ

ಜೀವಮಾನದಲ್ಲಿ ಗೋದಾಮಿನೊಳಗೆ ಕಾಲಿಡದ ನಿವೃತ್ತ ಶಿಕ್ಷಕಿಯೊಬ್ಬರಿಗೆ ಲಕ್ಷಾಂತರ ವಸ್ತುಗಳಿರುವ ಕಟ್ಟಡದಲ್ಲಿ ಮರುದಿನವೇ ಕೆಲಸ ಕೊಡಬಹುದೇ? ಕೊಡಬಹುದು. ಇದು ಸಾಧ್ಯವಾಗುವುದು ಸರಕು ಜೋಡಿಸುವ ವಿಚಿತ್ರ ಪದ್ಧತಿಯಿಂದ.

ನಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲಿ ಜೀರಿಗೆ ಎಲ್ಲಿದೆ, ಹುಣಸೆಹಣ್ಣು ಯಾವ ಡಬ್ಬಿಯಲ್ಲಿದೆ ಎಂದು ಶೆಟ್ಟರಿಗೆ ಕಣ್ಣು ಮುಚ್ಚಿದರೂ ಗೊತ್ತು. ಅವರು ಒಂದು ವಾರ ಜ್ವರದಲ್ಲಿ ಮಲಗಿದರೆ ಅಂಗಡಿ ತಡವರಿಸುತ್ತದೆ, ಏಕೆಂದರೆ ನೆನಪು ಇರುವುದು ಶೆಟ್ಟರ ತಲೆಯಲ್ಲಿ. ಅಮೆಜಾನ್ ಗೋದಾಮಿನಲ್ಲಿ ವಸ್ತುಗಳಿಗೆ ಗೊತ್ತಾದ ಜಾಗವಿಲ್ಲ. ಬಂದ ಸರಕನ್ನು ಖಾಲಿ ಕಂಡ ಗೂಡಿಗೆ ತುಂಬುತ್ತಾರೆ. ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಗಣಿತದ ಪುಸ್ತಕ, ಅದರ ಪಕ್ಕ ನಾಯಿಯ ಕೊರಳಪಟ್ಟಿ. ತುಂಬುವಾಗ ಕೈಯಲ್ಲಿನ ಸ್ಕ್ಯಾನರಿನಿಂದ ವಸ್ತುವಿನ ಬಾರ್‌ಕೋಡನ್ನೂ ಗೂಡಿನ ಬಾರ್‌ಕೋಡನ್ನೂ ಓದಿಸುತ್ತಾರೆ, ನೆನಪಿಟ್ಟುಕೊಳ್ಳುವುದು ಕಂಪ್ಯೂಟರಿನ ಪಾಲು. ಗಿರಾಕಿ ಬ್ರಷ್ ಕೇಳಿದಾಗ ಸ್ಕ್ಯಾನರಿನ ಪರದೆಯೇ ‘ಇಂಥ ಸಾಲು, ಇಂಥ ಗೂಡು’ ಎಂದು ದಾರಿ ತೋರಿಸುತ್ತದೆ.

ತುಂಬುವವರು ‘ಸ್ಟೋವರ್’, ಹುಡುಕಿ ತೆಗೆಯುವವರು ‘ಪಿಕ್ಕರ್’, ಡಬ್ಬಿಗೆ ಹಾಕಿ ಟೇಪು ಸುತ್ತುವವರು ‘ಪ್ಯಾಕರ್’. ಜ್ಞಾನ ಯಂತ್ರದಲ್ಲಿ ಇರುವುದರಿಂದ ಮನುಷ್ಯನನ್ನು ಅಕ್ಟೋಬರಿನಲ್ಲಿ ಸೇರಿಸಿಕೊಳ್ಳಬಹುದು, ಡಿಸೆಂಬರಿನಲ್ಲಿ ಕಳಿಸಿಕೊಡಬಹುದು, ಕೆಲಸಕ್ಕೆ ಅಡ್ಡಿಯಾಗುವುದಿಲ್ಲ. ಅದೇ ಸ್ಕ್ಯಾನರು ಪ್ರತಿಯೊಬ್ಬರೂ ಗಂಟೆಗೆ ಎಷ್ಟು ವಸ್ತು ಮುಟ್ಟಿದರು ಎಂಬುದನ್ನೂ ಎಣಿಸುತ್ತದೆ.

ಕಲಿಯಲು ಸುಲಭ, ಮಾಡಲು ಸುಲಭವಲ್ಲ. ಹತ್ತು ಗಂಟೆಯ ಪಾಳಿ, ಊಟಕ್ಕೆ ಅರ್ಧ ಗಂಟೆ, ನಡುವೆ ಎರಡು ಸಣ್ಣ ವಿರಾಮ. ಕಾಲಡಿಗೆ ಕಾಂಕ್ರೀಟ್ ನೆಲ. ಪಿಕ್ಕರುಗಳು ದಿನಕ್ಕೆ 15 ಕಿಲೋಮೀಟರಿಗೂ ಹೆಚ್ಚು ನಡೆದೆವು ಎಂದು ಹೇಳಿಕೊಂಡಿದ್ದಾರೆ. ಕೆಳಗಿನ ಗೂಡಿಗೆ ಬಗ್ಗಬೇಕು, ಮೇಲಿನದಕ್ಕೆ ಮೆಟ್ಟಿಲು ಹತ್ತಬೇಕು, ಇದು ಪಾಳಿಯಲ್ಲಿ ನೂರಾರು ಸಲ. ಮೈ ಒಗ್ಗಲಿ ಎಂದು ಹೊಸಬರಿಗೆ ಮೊದಲ ದಿನಗಳಲ್ಲಿ ಅರ್ಧ ಪಾಳಿ ಕೊಡುತ್ತಿದ್ದದ್ದೂ ಉಂಟು. ಕೆಲವು ಗೋದಾಮುಗಳ ಗೋಡೆಯ ಮೇಲೆ ನೋವಿನ ಮಾತ್ರೆ ಉಚಿತವಾಗಿ ಸಿಗುವ ಪೆಟ್ಟಿಗೆಗಳಿದ್ದವು. ಮಂಡಿ, ಸೊಂಟ, ಮಣಿಕಟ್ಟಿನ ನೋವು ಈ ಕೆಲಸಗಾರರ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತದೆ.

2012ರಲ್ಲಿ ಅಮೆಜಾನ್ ‘ಕೀವಾ ಸಿಸ್ಟಮ್ಸ್’ ಎಂಬ ರೋಬೊಟ್ ಕಂಪನಿಯನ್ನು 77.5 ಕೋಟಿ ಡಾಲರಿಗೆ ಕೊಂಡಿತು. ಆ ಮೇಲೆ ಕಟ್ಟಿದ ಹಲವು ಗೋದಾಮುಗಳಲ್ಲಿ ಜನ ಕಪಾಟಿನ ಬಳಿ ಹೋಗುವುದಿಲ್ಲ, ಚಪ್ಪಟೆ ರೋಬೊಟ್ಟುಗಳು ಕಪಾಟನ್ನೇ ಹೊತ್ತು ಜನರ ಬಳಿ ತರುತ್ತವೆ. ನಡಿಗೆ ತಪ್ಪಿತು. ಬದಲಿಗೆ ಒಂದೇ ಕಡೆ ನಿಂತು ಅದೇ ಕೈ, ಅದೇ ತಿರುವು.

ಕೂಲಿಯ ಲೆಕ್ಕ

ಅಮೆರಿಕದ ಕೇಂದ್ರ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರ್. ಕ್ಯಾಂಪರ್‌ಫೋರ್ಸ್‌ನ ಆರಂಭದ ವರ್ಷಗಳಲ್ಲಿ ಗಂಟೆಗೆ 10ರಿಂದ 12 ಡಾಲರ್ ಸಿಗುತ್ತಿತ್ತು. 2018ರ ನವೆಂಬರಿನಿಂದ ಅಮೆಜಾನ್ ಕನಿಷ್ಠ ಕೂಲಿಯನ್ನು 15 ಡಾಲರಿಗೆ ಏರಿಸಿತು. ವಾರಕ್ಕೆ 40 ಗಂಟೆ ಮೀರಿದರೆ ಕಾನೂನಿನ ಪ್ರಕಾರ ಒಂದೂವರೆ ಪಟ್ಟು.

15 ಡಾಲರಿನ ಲೆಕ್ಕದಲ್ಲಿ ವಾರಕ್ಕೆ 50 ಗಂಟೆ ದುಡಿದರೆ ಮೊದಲ 40 ಗಂಟೆಗೆ 600, ಉಳಿದ 10 ಗಂಟೆಗೆ 225, ಒಟ್ಟು 825 ಡಾಲರ್. ಪೀಕ್ ಏರಿ 60 ಗಂಟೆಯಾದರೆ 1,050 ಡಾಲರ್. ತೆರಿಗೆ ಕಡಿತ ಇನ್ನೂ ಆಗಿಲ್ಲ. ಈ ಹಣದ ಜೊತೆಗೆ ನಿಲ್ಲಿಸುವ ಜಾಗದ ಬಾಡಿಗೆ ಉಳಿಯುತ್ತಿತ್ತು ಎನ್ನುವುದೇ ಇಲ್ಲಿ ಮುಖ್ಯ. ಮನೆಯ ಕಂತಿಲ್ಲ, ಬಾಡಿಗೆಯಿಲ್ಲ ಎಂದಾಗ ಮೂರು ತಿಂಗಳ ಗಳಿಕೆಯಲ್ಲಿ ಹೆಚ್ಚಿನ ಪಾಲನ್ನು ಮುಂದಿನ ತಿಂಗಳುಗಳಿಗೆ ಎತ್ತಿಡಬಹುದು. ಗಾಡಿಯ ಗೇರ್‌ಬಾಕ್ಸ್ ಕೈಕೊಟ್ಟರೆ ಮಾತ್ರ ಆ ಉಳಿತಾಯವೆಲ್ಲ ಒಂದೇ ಬಿಲ್ಲಿಗೆ ಹೋಗುತ್ತದೆ, ರಿಪೇರಿ ಆಗುವವರೆಗೆ ಮನೆಯೇ ಗ್ಯಾರೇಜಿನಲ್ಲಿ.

ಉಚಿತ ಜಾಗಕ್ಕೂ ತೆರಿಗೆಯ ಪ್ರಶ್ನೆ ಉಂಟು. ಕೆಲಸದ ಸ್ಥಳದಲ್ಲೇ ಇರಬೇಕು, ಮಾಲೀಕನ ಅನುಕೂಲಕ್ಕಾಗಿ ಇರಬೇಕು, ಅಲ್ಲಿ ಉಳಿಯುವುದು ಕೆಲಸದ ಷರತ್ತಾಗಿರಬೇಕು. ಈ ಮೂರೂ ಕೂಡಿ ಬಂದರೆ ಮಾತ್ರ ವಸತಿಯ ಬೆಲೆಗೆ ಆದಾಯ ತೆರಿಗೆ ಇಲ್ಲ. ಕಾಡಿನ ಕ್ಯಾಂಪಿನಲ್ಲಿ ರಾತ್ರಿ ಹಗಲು ಇದ್ದು ನೋಡಿಕೊಳ್ಳುವವರಿಗೆ ಇದು ಹೊಂದಬಹುದು. ಗೋದಾಮಿನಿಂದ ದೂರದ ಪಾರ್ಕಿನಲ್ಲಿ ಇರುವವರಿಗೆ ಹೊಂದುವುದು ಕಷ್ಟ.

ತಲೆ ನರೆತವರೇ ಏಕೆ ಹೆಚ್ಚು

ಎಳೆಯರೂ ಇದ್ದರು, ಇಷ್ಟಪಟ್ಟು ಈ ಬದುಕು ಆರಿಸಿಕೊಂಡವರೂ ಇದ್ದರು. ಆದರೂ ಕ್ಯಾಂಪರ್‌ಫೋರ್ಸ್ ಎಂದೊಡನೆ ಕಣ್ಣಿಗೆ ಬರುತ್ತಿದ್ದದ್ದು ನಿವೃತ್ತಿಯ ವಯಸ್ಸಿನವರೇ. ಯೋಜನೆ ಶುರುವಾದ ವರ್ಷ 2008 ಎನ್ನುವುದನ್ನು ನೆನೆಯಿರಿ. ಆ ವರ್ಷದ ಆರ್ಥಿಕ ಕುಸಿತದಲ್ಲಿ ಲಕ್ಷಾಂತರ ಜನ ಮನೆ ಕಳೆದುಕೊಂಡರು. ನಿವೃತ್ತಿಗೆಂದು ಷೇರಿನಲ್ಲಿ ಕೂಡಿಟ್ಟ ಹಣ ಕರಗಿತು. ನಮ್ಮಲ್ಲಿ ಪಿಎಫ್‌ಗೆ ಸರ್ಕಾರ ಬಡ್ಡಿ ಘೋಷಿಸುತ್ತದೆ. ಅಲ್ಲಿನ ‘401ಕೆ’ ಎಂಬ ನಿವೃತ್ತಿ ಉಳಿತಾಯ ಖಾತೆಯ ಹಣವಾದರೋ ಬಹುಪಾಲು ಮಾರುಕಟ್ಟೆಯ ಜೊತೆಗೇ ಏಳುತ್ತದೆ, ಬೀಳುತ್ತದೆ.

ಉಳಿಯುವುದು ಸರ್ಕಾರದ ‘ಸೋಷಿಯಲ್ ಸೆಕ್ಯುರಿಟಿ’ ಪಿಂಚಣಿ. 1960 ಅಥವಾ ಆಮೇಲೆ ಹುಟ್ಟಿದವರಿಗೆ ಪೂರ್ಣ ಪಿಂಚಣಿಯ ವಯಸ್ಸು 67. ಕಾಯಲಾಗದವರು 62ಕ್ಕೇ ಶುರು ಮಾಡಿಕೊಳ್ಳಬಹುದು, ಆದರೆ ಶೇ 30ರಷ್ಟು ಕಡಿತ: 1,000 ಡಾಲರ್ ಸಿಗಬೇಕಾದಲ್ಲಿ 700. ಒಮ್ಮೆ ಹೀಗೆ ತೆಗೆದುಕೊಳ್ಳಲು ಶುರು ಮಾಡಿದರೆ ಆ ಕಡಿತ ಸಾಮಾನ್ಯವಾಗಿ ಕೊನೆಯವರೆಗೂ ಜೊತೆಗಿರುತ್ತದೆ. ಪೂರ್ಣ ವಯಸ್ಸಿಗೆ ಮುಂಚೆ ಪಿಂಚಣಿ ತೆಗೆದುಕೊಳ್ಳುತ್ತ ದುಡಿದರೆ ಗಳಿಕೆಗೂ ಮಿತಿಯಿದೆ. 2025ರಲ್ಲಿ ಅದು ವರ್ಷಕ್ಕೆ 23,400 ಡಾಲರ್, ಮೀರಿದ ಪ್ರತಿ ಎರಡು ಡಾಲರಿಗೆ ಪಿಂಚಣಿಯಲ್ಲಿ ಒಂದು ಡಾಲರ್ ತಡೆಹಿಡಿಯುತ್ತಾರೆ. 27,400 ಗಳಿಸಿದವರಿಗೆ 2,000 ಡಾಲರ್ ತಡೆ. ಪೂರ್ಣ ವಯಸ್ಸು ತಲುಪಿದಾಗ ಇದನ್ನು ಲೆಕ್ಕಕ್ಕೆ ಹಿಡಿದು ಪಿಂಚಣಿ ಹೆಚ್ಚಿಸುತ್ತಾರೆ, ಆಮೇಲೆ ಮಿತಿಯೂ ಇಲ್ಲ. ಅಂಥವರಿಗೆ ವರ್ಷವಿಡೀ ಕೆಲಸಕ್ಕಿಂತ ಮೂರು ತಿಂಗಳ ಕೆಲಸ ಹೊಂದುತ್ತದೆ.

65 ತುಂಬಿದವರಿಗೆ ‘ಮೆಡಿಕೇರ್’ ಎಂಬ ಸರ್ಕಾರಿ ಆರೋಗ್ಯ ವಿಮೆ ಇದೆ, ಅದರ ಮೂಲ ರೂಪ ದೇಶದಾದ್ಯಂತ ನಡೆಯುತ್ತದೆ. ಈಗ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿ. ಮನೆ ಕೆಲಸಗಾರರದೇ, ಚಕ್ರದ ಮೇಲಿದೆ. ಆಸ್ಪತ್ರೆಯ ಖರ್ಚಿನ ದೊಡ್ಡ ಭಾಗ ಸರ್ಕಾರದ ವಿಮೆಯದು. ತಿಂಗಳ ಖರ್ಚಿನ ಒಂದು ಪಾಲು ಪಿಂಚಣಿಯದು. ಹಾಗಾಗಿ ಗೋದಾಮಿನ ಕೂಲಿ ಒಬ್ಬ ಮನುಷ್ಯನ ಇಡೀ ವರ್ಷವನ್ನು ಹೊರಬೇಕಿಲ್ಲ, ಮೂರು ತಿಂಗಳು ಹೊತ್ತರೆ ಸಾಕು. ಈ ಏರ್ಪಾಡು ಎರಡೂ ಕಡೆಯವರಿಗೆ ಹೊಂದಿಕೊಂಡದ್ದರ ಗುಟ್ಟು ಇದೇ ಎಂದು ನನಗೆ ತೋರುತ್ತದೆ. ಅದರ ಭಾರ ಬೀಳುತ್ತಿದ್ದದ್ದು ಅರವತ್ತೈದು ವರ್ಷದ ಮಂಡಿಯ ಮೇಲೆ ಎನ್ನುವುದೂ ಅಷ್ಟೇ ನಿಜ.

ಮನೆ ಓಡಾಡಿದರೆ ವಿಳಾಸ ಯಾವುದು

ಡ್ರೈವಿಂಗ್ ಲೈಸೆನ್ಸು, ಬ್ಯಾಂಕು, ವಿಮೆ, ಮತ, ಎಲ್ಲದಕ್ಕೂ ವಿಳಾಸ ಬೇಕು. ಫುಲ್‌ಟೈಮರುಗಳು ಸಾಮಾನ್ಯವಾಗಿ ಆರಿಸಿಕೊಳ್ಳುವುದು ದಕ್ಷಿಣ ಡಕೋಟ, ಟೆಕ್ಸಸ್, ಫ್ಲೋರಿಡಾ ಈ ಮೂರರಲ್ಲೊಂದನ್ನು. ಮೂರರಲ್ಲೂ ರಾಜ್ಯದ ಆದಾಯ ತೆರಿಗೆ ಇಲ್ಲ. ದಕ್ಷಿಣ ಡಕೋಟದಲ್ಲಿ ಒಂದು ರಾತ್ರಿ ಉಳಿದ ರಸೀದಿ ತೋರಿಸಿ ಲೈಸೆನ್ಸ್ ಪಡೆಯುವ ದಾರಿ ಈ ಅಲೆಮಾರಿಗಳಿಗೆಂದೇ ಹೆಸರಾಗಿದೆ. 1978ರಲ್ಲಿ ಸ್ಥಾಪನೆಯಾದ, ಈಗ ಟೆಕ್ಸಸ್‌ನ ಲಿವಿಂಗ್‌ಸ್ಟನ್ ಎಂಬ ಊರಿನಲ್ಲಿ ಕಚೇರಿ ಇರುವ ‘ಎಸ್ಕೇಪೀಸ್’ ಎಂಬ ಆರ್‌ವಿ ಸಂಘ ತನ್ನ ಸದಸ್ಯರ ಅಂಚೆಯನ್ನು ತೆಗೆದುಕೊಂಡು, ಅವರು ಆಗ ಎಲ್ಲಿದ್ದಾರೋ ಅಲ್ಲಿಗೆ ಕಳಿಸಿಕೊಡುತ್ತದೆ. ಆ ಒಂದು ಊರಿನ ವಿಳಾಸದಲ್ಲಿ ಸಾವಿರಾರು ಜನ ಕಾಗದದ ಮೇಲೆ ವಾಸಿಸುತ್ತಾರೆ.

ಉಳಿದ ಒಂಬತ್ತು ತಿಂಗಳು

ಬೇಸಿಗೆಯಲ್ಲಿ ಕಾಡಿನ ಕ್ಯಾಂಪ್‌ಗ್ರೌಂಡುಗಳನ್ನು ನೋಡಿಕೊಳ್ಳುವ ‘ಕ್ಯಾಂಪ್ ಹೋಸ್ಟ್’ ಕೆಲಸ: ಬಂದವರಿಗೆ ಜಾಗ ತೋರಿಸುವುದು, ಶುಲ್ಕ ತೆಗೆದುಕೊಳ್ಳುವುದು, ಶೌಚಾಲಯ ತೊಳೆಯುವುದು. ಜುಲೈ 4ರ ಸ್ವಾತಂತ್ರ್ಯ ದಿನಕ್ಕೆ ಪಟಾಕಿ ಮಳಿಗೆ, ಅಕ್ಟೋಬರಿನಲ್ಲಿ ಕುಂಬಳಕಾಯಿ, ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಮರ.

ಇವೆಲ್ಲಕ್ಕಿಂತ ನಮ್ಮ ಮಂಡ್ಯ, ಬೆಳಗಾವಿಯವರಿಗೆ ಹತ್ತಿರ ಅನಿಸುವುದು ಸಕ್ಕರೆ ಗಡ್ಡೆಯ ಸುಗ್ಗಿ. ಉತ್ತರ ಡಕೋಟ, ಮಿನೆಸೋಟ ರಾಜ್ಯಗಳ ನಡುವಿನ ರೆಡ್ ರಿವರ್ ಕಣಿವೆಯಲ್ಲಿ ಬೀಟ್‌ರೂಟಿನ ಜಾತಿಯ ಬಿಳಿ ಗಡ್ಡೆಯಿಂದ ಸಕ್ಕರೆ ತೆಗೆಯುತ್ತಾರೆ. ಅಲ್ಲಿನ ‘ಅಮೆರಿಕನ್ ಕ್ರಿಸ್ಟಲ್ ಶುಗರ್’ 1973ರಿಂದ ಬೆಳೆಗಾರರೇ ಒಡೆಯರಾಗಿರುವ ಸಹಕಾರಿ ಕಾರ್ಖಾನೆ. ಕಬ್ಬು ಕಡಿದ ಒಂದೆರಡು ದಿನದಲ್ಲಿ ಅರೆಯದಿದ್ದರೆ ಇಳುವರಿ ಇಳಿಯುತ್ತದೆ. ಗಡ್ಡೆ ಹಾಗಲ್ಲ, ಬಯಲಲ್ಲಿ ಗುಡ್ಡೆ ಹಾಕಿದರೆ ಚಳಿಗಾಲವೇ ಅದಕ್ಕೆ ಶೀತಲಗೃಹವಾಗಿ ತಿಂಗಳುಗಟ್ಟಲೆ ಕಾಯುತ್ತದೆ. ಆದರೆ ಬಿಸಿಲು ಹೆಚ್ಚಿರುವಾಗ ಅಗೆದರೆ ಗುಡ್ಡೆ ಕೊಳೆಯುತ್ತದೆ, ನೆಲ ಹೆಪ್ಪುಗಟ್ಟಿದ ಮೇಲೆ ಅಗೆಯಲೇ ಆಗುವುದಿಲ್ಲ. ಎರಡರ ನಡುವಿನ ಅಕ್ಟೋಬರಿನ ಕೆಲವೇ ವಾರಗಳಲ್ಲಿ ಹಗಲಿರುಳೂ 12 ಗಂಟೆಯ ಪಾಳಿಯಲ್ಲಿ ಲಾರಿಗಳನ್ನು ಇಳಿಸಬೇಕು. ಅದಕ್ಕೂ ಗಾಡಿಯವರೇ ಬರುತ್ತಾರೆ, ಅಲ್ಲಿಯೂ ನಿಲ್ಲುವ ಜಾಗ ಕಂಪನಿಯ ಲೆಕ್ಕದಲ್ಲಿ.

ಅಮೆರಿಕದಲ್ಲಿರುವ ನಮ್ಮವರು ತಿಳಿದಿರಬೇಕಾದದ್ದು

ಮಕ್ಕಳನ್ನು ನೋಡಲು ಪ್ರವಾಸಿ ವೀಸಾದಲ್ಲಿ ಹೋದ ತಂದೆ ತಾಯಂದಿರು, ಓದಲು ಹೋದ ವಿದ್ಯಾರ್ಥಿಗಳು ಇಂಥ ಹಂಗಾಮಿ ಕೆಲಸದ ಜಾಹೀರಾತು ನೋಡಿ ‘ಮೂರು ತಿಂಗಳು ತಾನೆ’ ಅಂದುಕೊಳ್ಳುವುದು ಸಹಜ. ಪ್ರವಾಸಿ ವೀಸಾದಲ್ಲಿ ಯಾವ ಕೆಲಸವೂ ಸಲ್ಲದು. ಸಂಬಳ ಬೇಡ, ಗಾಡಿ ನಿಲ್ಲಿಸಲು ಜಾಗ ಕೊಟ್ಟರೆ ಸಾಕು ಎಂದು ಕ್ಯಾಂಪಿನಲ್ಲಿ ಕಸ ಗುಡಿಸಿದರೂ ಅದನ್ನು ಕೆಲಸವೆಂದೇ ಎಣಿಸಬಹುದು. ವಿದ್ಯಾರ್ಥಿ ವೀಸಾದವರು ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ ಮೀರದಂತೆ ಕಾಲೇಜಿನ ಆವರಣದೊಳಗೆ ದುಡಿಯಬಹುದು. ಹೊರಗಿನ ಕೆಲಸಕ್ಕೆ ಬೇರೆ ಅನುಮತಿ ಬೇಕು. ಎಚ್‌-1ಬಿ ವೀಸಾದವರು ವೀಸಾ ಮಾಡಿಸಿಕೊಟ್ಟ ಕಂಪನಿಗಷ್ಟೇ ದುಡಿಯಬೇಕು. ತಪ್ಪಿದರೆ ಮುಂದಿನ ವೀಸಾಗೇ ಕುತ್ತು. ಹಸಿರು ಕಾರ್ಡು, ಪೌರತ್ವ ಇರುವವರಿಗೆ ಈ ಅಡ್ಡಿಯಿಲ್ಲ.

ಈಗ ಏನಾಗಿದೆ

ಕ್ಯಾಂಪರ್‌ಫೋರ್ಸ್ ಈಗಿಲ್ಲ. 2023ರ ಹೊತ್ತಿಗೆ ಅಮೆಜಾನ್ ಅದನ್ನು ಮುಚ್ಚಿತು. ಅದನ್ನು ಹುಟ್ಟಿಸಿದ ಕಾರಣಗಳು ಅದಕ್ಕೂ ಮುಂಚೆಯೇ ಸವೆದಿದ್ದವು. 2012ರಿಂದ ಕಂಪನಿ ಕ್ಯಾಲಿಫೋರ್ನಿಯ, ಟೆಕ್ಸಸ್‌ನಂಥ ದೊಡ್ಡ ರಾಜ್ಯಗಳಲ್ಲೂ ತೆರಿಗೆ ವಸೂಲಿ ಶುರು ಮಾಡಿತು. 2018ರಲ್ಲಿ ಸುಪ್ರೀಂ ಕೋರ್ಟ್ ‘ವೇಫೇರ್’ ಮೊಕದ್ದಮೆಯಲ್ಲಿ ಹಳೆಯ ಕ್ವಿಲ್ ತೀರ್ಪನ್ನೇ ತಳ್ಳಿಹಾಕಿತು. ದೂರದ ಊರಿನಲ್ಲಿ ಅಡಗಿ ಕೂರುವ ಅಗತ್ಯ ಹೋಯಿತು. ಅದೇ ಹೊತ್ತಿಗೆ ಗಿರಾಕಿಗೆ ಇಂದು ಕೇಳಿದ್ದು ನಾಳೆ ಬೇಕು. ಹಾಗೆ ಕೊಡಬೇಕಾದರೆ ಗೋದಾಮು ನಗರದ ಮಗ್ಗುಲಲ್ಲಿರಬೇಕು, ನಗರದ ಮಗ್ಗುಲಲ್ಲಿ ದುಡಿಯುವ ಜನ ಅಲ್ಲೇ ಸಿಗುತ್ತಾರೆ. ಕಾಫಿವಿಲ್‌ನ ಗೋದಾಮು 2015ರಲ್ಲೇ ಮುಚ್ಚಿತ್ತು.

ಗಾಡಿಗಳು ಮಾತ್ರ ನಿಂತಿಲ್ಲ. ಜನವರಿ ಬಂದರೆ ಅವು ಅರಿಝೋನಾದ ಕ್ವಾರ್ಟ್‌ಸೈಟ್ ಕಡೆ ಮುಖ ಮಾಡುತ್ತವೆ. ಎರಡೂವರೆ ಸಾವಿರ ಜನರೂ ಇಲ್ಲದ ಆ ಮರುಭೂಮಿಯ ಊರಿನ ಸುತ್ತ ಚಳಿಗಾಲದಲ್ಲಿ ಸಾವಿರ ಸಾವಿರ ಆರ್‌ವಿಗಳು ಬಂದು ನಿಲ್ಲುತ್ತವೆ. ಪಕ್ಕದ ಲಾ ಪೋಸಾ ಎಂಬ ಸರ್ಕಾರಿ ಬಯಲಿನಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಏಳು ತಿಂಗಳು ಇರಲು ಹಲವು ವರ್ಷ ಇದ್ದ ಶುಲ್ಕ 180 ಡಾಲರ್, ಗೋದಾಮಿನಲ್ಲಿ ಒಂದೂವರೆ ದಿನದ ಕೂಲಿಗಿಂತ ಕಡಿಮೆ. ಅಲ್ಲಿನ ಆರ್‌ವಿ ಮೇಳದ ದೊಡ್ಡ ಡೇರೆಯಲ್ಲಿ ಗಾಡಿಯ ಬಿಡಿಭಾಗ ಮಾರುವವರ ನಡುವೆ ಕೆಲಸ ಕೊಡುವವರೂ ಮೇಜು ಹಾಕಿ ಕೂರುತ್ತಾರೆ. ಬೇಸಿಗೆಯ ಕ್ಯಾಂಪುಗಳಿಗೆ ಆಳು ಬೇಕು, ಅಕ್ಟೋಬರಿನ ಗಡ್ಡೆ ಸುಗ್ಗಿಗೆ ಆಳು ಬೇಕು. ಮೇಜಿನ ಈಚೆ ನಿಂತವರು ಅರ್ಜಿ ತುಂಬುವ ಮುಂಚೆ ಕೇಳುವುದು ಒಂದನ್ನೇ: ಗಾಡಿ ನಿಲ್ಲಿಸಲು ಜಾಗ ಕೊಡುತ್ತೀರಾ, ಕರೆಂಟು ಇದೆಯಾ?